ತಾರಸಿಗೆ ಡಾಂಬರ್ ಶೀಟ್: ತೀರ್ಥಹಳ್ಳಿಯ ಅಕ್ಕನ ಮನೆಯಲ್ಲಿ ಮಾಡಿದ ಕೆಲಸದ ಲೆಕ್ಕ

ಅಕ್ಕ ಫೋನ್ ಮಾಡಿದ್ದು ಆಶ್ಲೇಷ ಮಳೆ ಹೊಡೆಯುತ್ತಿದ್ದಾಗ. "ದೇವರ ಕೋಣೆ ಮೂಲೇಲಿ ನೀರು ತೊಟ್ಟಿಕ್ತಾ ಇದೆ ಮಾರಾಯ. ಊರಿಗೆಲ್ಲ ವಾಟರ್‌ಪ್ರೂಫಿಂಗ್ ಮಾಡ್ತೀಯ, ನಮ್ಮನೆಗೆ ಯಾವಾಗ?" ಎಂದಳು. "ಫೆಬ್ರವರಿಗೆ ಬರ್ತೀನಿ. ಅಲ್ಲಿವರೆಗೆ ಬಕೆಟ್ ಇಡು" ಎಂದೆ. ಚೆನ್ನಾಗಿ ಬೈಸಿಕೊಂಡೆ.

ಬೈಸಿಕೊಂಡರೂ ಪರವಾಗಿಲ್ಲ, ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ಡಾಂಬರ್ ಶೀಟ್ ಅಂದರೆ ನೀರು ಇಳಿಯದಂತೆ ತಾರಸಿಗೆ ಹೊದಿಸುವ ಹಾಳೆ, ಗ್ಯಾಸಿನ ಉರಿ ಉಗುಳುವ ಟಾರ್ಚ್ ಹಿಡಿದು ಕರಗಿಸಿ ಅಂಟಿಸುವುದು. ಒದ್ದೆ ತಾರಸಿಗೆ ಅದನ್ನು ಅಂಟಿಸುವವನು ನಿಮ್ಮ ದುಡ್ಡಿಗೇ ಟಾರ್ಚ್ ಹಿಡಿಯುತ್ತಿದ್ದಾನೆ ಎಂದುಕೊಳ್ಳಿ. ಮಲೆನಾಡಿನಲ್ಲಿ ನಮಗೆ ಸಿಗುವುದು ಜನವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗಿನ ಕಾಲ ಅಷ್ಟೇ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ. ಬೆಳೆಯವರಿಗೆ ಅದು ಒಳ್ಳೆಯದು. ನಮ್ಮ ಕೆಲಸದವರು ಅಷ್ಟರೊಳಗೆ ಗಂಟು ಮೂಟೆ ಕಟ್ಟಿರಬೇಕು.

ನಾನು ಶಿವಮೊಗ್ಗದಲ್ಲಿದ್ದುಕೊಂಡು ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಅಕ್ಕನ ಮನೆಯಲ್ಲಿ ಏನು ಮಾಡಿದೆ, ಯಾಕೆ ಮಾಡಿದೆ ಎಂದು ಬರೆಯುತ್ತೇನೆ. ನೀವೇ ಟಾರ್ಚ್ ಹಿಡಿಯದಿದ್ದರೂ, ಹಿಡಿದವನ ಪಕ್ಕ ನಿಂತು ನೋಡುವುದಕ್ಕೆ ಇದು ಸಾಕು.

ಮೊದಲು ಒಂದು ಮಾತು. ಭಾವ "ತಗಡಿನ ಶೀಟ್ ಹೊದಿಸಿದರೆ ಸಾಲದಾ? ಊರಲ್ಲಿ ಎಲ್ಲರೂ ಅದನ್ನೇ ಮಾಡಿದ್ದಾರೆ" ಎಂದರು. ಅವರ ಮಾತು ಸುಳ್ಳಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅಂಥ ಕಡೆ ಕೇಳಿದರೆ ನಾನೇ ಕಬ್ಬಿಣದ ಟ್ರಸ್ ಹಾಕಿ ತಗಡು ಹೊದಿಸಿ ಎನ್ನುತ್ತೇನೆ. ಅಡಿಕೆ ಒಣಗಿಸುವುದಕ್ಕೂ ಜಾಗ ಆಗುತ್ತದೆ. ಆದರೆ ಅಕ್ಕನ ಮನೆ ಪೇಟೆಯೊಳಗಿದೆ. ಪಕ್ಕದ ಗೋಡೆಗೆ ನಮ್ಮ ಗೋಡೆ ಅಂಟಿಕೊಂಡಿದೆ. ತಗಡಿನ ನೀರು ಪಕ್ಕದವರ ಅಂಗಳಕ್ಕೆ ಬಿದ್ದರೆ ವರ್ಷವಿಡೀ ಜಗಳ. ಹಾಗಾಗಿ ಡಾಂಬರ್ ಶೀಟೇ ಎಂದು ಗಟ್ಟಿ ಮಾಡಿದೆವು.

ಯಾವ ಶೀಟ್, ಎಷ್ಟು ಶೀಟ್

ನಾವು ಡಾಂಬರ್ ಶೀಟ್, ಟಾರ್ ಶೀಟ್ ಎಂದು ಕರೆಯುವುದು ಬರೀ ಡಾಂಬರಲ್ಲ. ರಸ್ತೆಗೆ ಹಾಕುವ ಡಾಂಬರು 50 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿಗೆ ಕಪ್ಪು ತಾರಸಿ ಅದಕ್ಕಿಂತ ಜಾಸ್ತಿ ಕಾಯುತ್ತದೆ. ಅದಕ್ಕೇ ಡಾಂಬರಿಗೆ ಒಂದು ಜಾತಿಯ ಪ್ಲಾಸ್ಟಿಕ್ ಬೆರೆಸುತ್ತಾರೆ. ಅದು ಎಪಿಪಿ. 1960ರ ದಶಕದಲ್ಲಿ ಇಟಲಿಯಲ್ಲಿ ಶುರುವಾದ ಪದ್ಧತಿ ಇದು. ಎಪಿಪಿ ಬೆರೆಸಿದ ಡಾಂಬರು ಮೆತ್ತಗಾಗುವುದು ಸುಮಾರು 150 ಡಿಗ್ರಿಗೆ. ಇನ್ನೊಂದು ಜಾತಿ ಎಸ್‌ಬಿಎಸ್, ಅದಕ್ಕೆ ಬೆರೆಸುವುದು ರಬ್ಬರ್. ಅದು ಚೆನ್ನಾಗಿ ಹಿಗ್ಗುತ್ತದೆ, ಹಿಮ ಬೀಳುವ ಕಡೆಯೂ ಬಿರಿಯುವುದಿಲ್ಲ. ನಮ್ಮ ಬಿಸಿಲಿಗೆ ತೆರೆದ ತಾರಸಿಗೆ ನಾನು ಎಪಿಪಿಯನ್ನೇ ಹಾಕುವುದು.

ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ. ದಪ್ಪ ಎಷ್ಟು? 3 ಮಿಲಿಮೀಟರ್‌ದೂ ಸಿಗುತ್ತದೆ, 4 ಮಿಲಿಮೀಟರ್‌ದೂ ಸಿಗುತ್ತದೆ. ಒಂದೇ ಪದರ ಹಾಕುವುದಾದರೆ 4 ತೆಗೆದುಕೊಳ್ಳಿ. ಒಳಗಿನ ಬಟ್ಟೆ ಯಾವುದು? ಗ್ಲಾಸ್ ಫೈಬರ್ ಅಗ್ಗ, ಆದರೆ ಎಳೆದರೆ ಹರಿಯುತ್ತದೆ. ಪಾಲಿಯೆಸ್ಟರ್ ಇರಲಿ. ಮೇಲ್ಮೈ ಹೇಗಿದೆ? ಸಾದಾ ಶೀಟ್ ಹಾಕಿದರೆ ಬಿಸಿಲಿನಿಂದ ಕಾಪಾಡಲು ಮೇಲೆ ಏನಾದರೂ ಬಳಿಯಬೇಕು. ಕಲ್ಲಿನ ಹರಳು ಅಂಟಿಸಿದ ಮಿನರಲ್ ಶೀಟ್‌ಗೆ ಆ ಹರಳೇ ಕೊಡೆ. ಅಕ್ಕನ ಮನೆಗೆ ಬೂದು ಬಣ್ಣದ ಹರಳಿನ, 4 ಮಿಲಿಮೀಟರ್ ಪಾಲಿಯೆಸ್ಟರ್ ಶೀಟ್ ತರಿಸಿದೆ.

ಒಂದು ರೋಲ್ 1 ಮೀಟರ್ ಅಗಲ, 10 ಮೀಟರ್ ಉದ್ದ. ಆದರೆ ಅದು 10 ಚದರ ಮೀಟರ್ ಮುಚ್ಚುವುದಿಲ್ಲ. ಪಕ್ಕದ ಜೋಡಣೆಗೆ 10 ಸೆಂಟಿಮೀಟರ್, ತುದಿಯ ಜೋಡಣೆಗೆ 15 ಸೆಂಟಿಮೀಟರ್ ಒಂದರ ಮೇಲೊಂದು ಕೂರಬೇಕು. ಕೈಗೆ ಸಿಗುವುದು ಒಂಬತ್ತು ಚದರ ಮೀಟರ್‌ಗೂ ಸ್ವಲ್ಪ ಕಡಿಮೆ. ಅಕ್ಕನ ತಾರಸಿ 36 ಅಡಿಗೆ 28 ಅಡಿ, ಅಂದರೆ ಸುಮಾರು 94 ಚದರ ಮೀಟರ್. ಅದಕ್ಕೇ ಹನ್ನೊಂದು ರೋಲ್ ಆಯಿತು. ಸುತ್ತ 39 ಮೀಟರ್ ಪ್ಯಾರಾಪೆಟ್, ಅಂದರೆ ಅಂಚಿನ ಗಿಡ್ಡ ಗೋಡೆ, ಇದೆ. ಅದರ ಮೇಲೆ ಏರಿಸುವುದಕ್ಕೆ, ಮೂಲೆಯ ಪಟ್ಟಿಗೆ, ಪೈಪಿನ ಬಾಯಿಗೆ ಎಂದು ಇನ್ನೂ ನಾಲ್ಕು. ಒಟ್ಟು ಹದಿನೈದು ತರಿಸಿದೆ, ಕೊನೆಗೆ ಅರ್ಧ ರೋಲ್ ಉಳಿಯಿತು. ಶೀಟ್ ಕಚ್ಚಲೆಂದು ಮೊದಲು ತಾರಸಿಗೆ ಬಳಿಯುವ ಪ್ರೈಮರ್ 25 ಲೀಟರ್ ಹಿಡಿಯಿತು.

ರೋಲ್ ಒಂದೊಂದೂ 40 ಕಿಲೋ ದಾಟುತ್ತದೆ. ಹದಿನೈದೂ ಸೇರಿದರೆ 600 ಕಿಲೋ ಮೇಲೆ. ಎಲ್ಲವನ್ನೂ ತಾರಸಿಯ ನಡುವೆ ರಾಶಿ ಹಾಕಬೇಡಿ. ಗೋಡೆ ಇರುವ ಅಂಚಿನಲ್ಲಿ ಹಂಚಿ ಇಡಿ, ನೆಟ್ಟಗೆ ನಿಲ್ಲಿಸಿ, ನೆರಳು ಮಾಡಿ. ಮಲಗಿಸಿದರೆ ಚಪ್ಪಟೆಯಾಗುತ್ತದೆ. ಆಮೇಲೆ ಬಿಚ್ಚಿದಾಗ ಅಲೆ ಅಲೆಯಾಗಿ ಏಳುತ್ತದೆ, ಅಂಟುವುದಿಲ್ಲ.

ತಾರಸಿ ಒಣಗಿದೆಯಾ?

ಇಲ್ಲಿ ನನ್ನದೇ ಒಂದು ಹಳೆಯ ಎಡವಟ್ಟು ಹೇಳಬೇಕು. ಮೂರನೆಯದೋ ನಾಲ್ಕನೆಯದೋ ಕೆಲಸ. ಹಳೆಯ ತಾರಸಿ, ಮೇಲೆ ಇಟ್ಟಿಗೆ ಚೂರಿನ ಗಾರೆ. ಮೇಲ್ಮೈ ಒಣಗಿ ಬೆಳ್ಳಗೆ ಕಾಣುತ್ತಿತ್ತು. ಶೀಟ್ ಹಾಕಿ, ದುಡ್ಡು ಇಸಿದುಕೊಂಡು ಬಂದೆ. ಏಪ್ರಿಲ್‌ನಲ್ಲಿ ಯಜಮಾನರ ಫೋನ್: "ಬಂದು ನೋಡಿ, ನಿಮ್ಮ ತಾರಸಿ ಪೂರಿ ಉಬ್ಬಿದ ಹಾಗೆ ಉಬ್ಬಿದೆ." ಹೋಗಿ ನೋಡಿದರೆ ನಿಜವಾಗಿಯೂ ಪೂರಿಯೇ. ಇಟ್ಟಿಗೆ ಚೂರು ಒಳಗೆ ಹೀರಿಟ್ಟಿದ್ದ ನೀರು ಬಿಸಿಲಿಗೆ ಆವಿಯಾಗಿ, ಹೊರಗೆ ಹೋಗಲು ದಾರಿಯಿಲ್ಲದೆ ಶೀಟನ್ನೇ ಎತ್ತಿತ್ತು. ಎಲ್ಲವನ್ನೂ ಕಿತ್ತು ನನ್ನ ಖರ್ಚಿನಲ್ಲೇ ಮತ್ತೆ ಹಾಕಿದೆ.

ಅಂದಿನಿಂದ ಕಣ್ಣನ್ನು ನಂಬುವುದಿಲ್ಲ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ತಾರಸಿಯ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕುತ್ತೇನೆ. ಸಂಜೆ ಹಾಕಿದರೆ ಮಾರನೇ ದಿನ ಬೆಳಿಗ್ಗೆ, ಕನಿಷ್ಠ 16 ಗಂಟೆ ಬಿಟ್ಟು ತೆಗೆಯುವುದು. ಹಾಳೆಯ ಒಳಗೆ ಹನಿ ಕಂಡರೆ, ಕೆಳಗಿನ ಕಾಂಕ್ರೀಟ್ ಕಪ್ಪಾಗಿದ್ದರೆ ಇನ್ನೂ ಒಣಗಬೇಕು ಎಂದರ್ಥ. ಒಂದೇ ಕಡೆ ನೋಡಿದರೆ ಸಾಲದು, ನಾಲ್ಕೈದು ಕಡೆ ನೋಡಿ. ಪೈಪಿನ ಬಾಯಿಯ ಹತ್ತಿರ ಖಂಡಿತ ನೋಡಿ.

ಅಕ್ಕನ ಮನೆಯಲ್ಲೂ ಹಳೆಯ ಇಟ್ಟಿಗೆ ಚೂರಿನ ಗಾರೆ ಇತ್ತು. ತಟ್ಟಿದರೆ ಡಬಡಬ ಎನ್ನುತ್ತಿತ್ತು. ಭಾವನಿಗೆ ಬೇಜಾರಾದರೂ ಅಷ್ಟನ್ನೂ ಒಡೆಸಿ ಕೆಳಗಿಳಿಸಿದೆ. ಕೆಳಗಿನ ಕಾಂಕ್ರೀಟ್ ಮೋಲ್ಡ್‌ನ ಬಿರುಕುಗಳನ್ನು ಉಳಿಯಲ್ಲಿ ಬಿಡಿಸಿ, ಧೂಳು ತೆಗೆದು, ಗಾರೆ ತುಂಬಿಸಿದೆ. ಆಮೇಲೆ ಹೊಸದಾಗಿ ಇಳಿಜಾರು ಗಾರೆ ಹಾಕಿಸಿದೆ. 10 ಅಡಿಗೆ ಒಂದೂಕಾಲು ಇಂಚಾದರೂ ಇಳಿಜಾರು ಬೇಕು. ಮಲೆನಾಡಿಗೆ ಒಂದೂವರೆ ಇದ್ದರೆ ಇನ್ನೂ ಒಳ್ಳೆಯದು. ಶೀಟ್ ನೀರನ್ನು ತಡೆಯುತ್ತದೆ, ಆದರೆ ನಿಂತ ನೀರನ್ನು ಎಲ್ಲಿಗೂ ಕಳಿಸುವುದಿಲ್ಲ. ಹೊಸ ಗಾರೆಗೆ ನೀರುಣಿಸಿ, ಆಮೇಲೆ ಒಣಗಲು ಬಿಟ್ಟು, ಒಟ್ಟು ನಾಲ್ಕು ವಾರ ಕಾದೆವು. ಫೆಬ್ರವರಿಗೆ ಎಂದಿದ್ದು ಮಾರ್ಚ್ ಆಯಿತು. ಮತ್ತೆ ಬೈಗುಳ.

ಆ ನಾಲ್ಕು ವಾರದಲ್ಲಿ ಸುಮ್ನೆ ಕೂರಲಿಲ್ಲ. ತಾರಸಿ ಮತ್ತು ಪ್ಯಾರಾಪೆಟ್ ಸೇರುವ ಮೂಲೆಯುದ್ದಕ್ಕೂ ಮೂರು ಇಂಚಿಗೆ ಮೂರು ಇಂಚಿನ ಇಳಿಜಾರು ಗಾರೆ ಕಟ್ಟಿಸಿದೆ. ಶೀಟ್ ನೆಟ್ಟ ಮೂಲೆಗೆ ಮಡಚಿದರೆ ಬಿರಿಯುತ್ತದೆ. ಜೊತೆಗೆ ಹಿಂದೆ ಟೊಳ್ಳು ಉಳಿಯುತ್ತದೆ, ಯಾರಾದರೂ ಬೆರಳಲ್ಲಿ ಒತ್ತಿದರೂ ತೂತು. ಹಾಗೆಯೇ ತಾರಸಿಯಿಂದ ಒಂದಡಿ ಎತ್ತರದಲ್ಲಿ ಪ್ಯಾರಾಪೆಟ್ ಸುತ್ತಲೂ ಒಂದಿಂಚು ಆಳ, ಒಂದಿಂಚು ಅಗಲದ ಸೀಳು ಕತ್ತರಿಸಿದೆ. ಶೀಟಿನ ಮೇಲ್ತುದಿ ಆ ಸೀಳಿನೊಳಗೆ ಕೂರುತ್ತದೆ.

ಪ್ರೈಮರ್, ಮೂಲೆ, ಪೈಪಿನ ಬಾಯಿ

ಗುಡಿಸಿ, ತಂತಿ ಬ್ರಷ್ ಹಾಕಿ, ಬ್ಲೋವರ್‌ನಲ್ಲಿ ಧೂಳು ಹಾರಿಸಿ. ಪ್ರೈಮರ್ ಬಳಿಯುವುದು ಬಹಳ ಸುಲಭ, ಅದಕ್ಕೇ ಅದರಲ್ಲಿ ಮೋಸ ಜಾಸ್ತಿ. ಸೀಮೆಎಣ್ಣೆ ಬೆರೆಸಿ ತೆಳ್ಳಗೆ ಮಾಡುವವರನ್ನು ನೋಡಿದ್ದೇನೆ. ಡಬ್ಬ ನಿಮ್ಮ ಎದುರೇ ಒಡೆಯಲಿ. ನಾಲ್ಕರಿಂದ ಆರು ಗಂಟೆ ಒಣಗಲಿ, ಬೆರಳಿಟ್ಟರೆ ಅಂಟಬಾರದು. ಹಸಿ ಪ್ರೈಮರ್ ಮೇಲೆ ಟಾರ್ಚ್ ಹಿಡಿದರೆ ಬೆಂಕಿ ಹತ್ತುತ್ತದೆ. ಅದರಲ್ಲಿರುವ ದ್ರಾವಕವೇ ಹಾಗೆ. ಅವತ್ತು ಮುಚ್ಚುವಷ್ಟು ಜಾಗಕ್ಕೆ ಮಾತ್ರ ಬಳಿಯಿರಿ, ರಾತ್ರಿ ಬಿಟ್ಟರೆ ಧೂಳು ಕೂರುತ್ತದೆ.

ಈಗ ಎಲ್ಲರ ಕೈಯೂ ದೊಡ್ಡ ಶೀಟ್ ಬಿಚ್ಚಲು ತುರಿಸುತ್ತಿರುತ್ತದೆ. ತಡೆಯಿರಿ. ನಾನು ನೋಡಿದ ಸೋರಿಕೆಗಳಲ್ಲಿ ತಾರಸಿಯ ಬಯಲಿನ ನಡುವೆ ಸೋರಿದ್ದು ತೀರಾ ಕಡಿಮೆ. ಸೋರುವುದು ಅಂಚು, ಮೂಲೆ, ಪೈಪು. ಅಕ್ಕನ ದೇವರ ಕೋಣೆಯ ಮೂಲೆಯೂ ಹಾಗೇ. ಮೇಲೆ ಸರಿಯಾಗಿ ಅಲ್ಲೇ ಮಳೆನೀರಿನ ಪೈಪ್ ಇತ್ತು, ಅದರ ಸುತ್ತಲಿನ ಗಾರೆ ಬಿಟ್ಟುಕೊಂಡಿತ್ತು.

ಮೊದಲು ಒಂದು ರೋಲನ್ನು ಉದ್ದಕ್ಕೆ ಸೀಳಿ 25 ಸೆಂಟಿಮೀಟರ್ ಪಟ್ಟಿ ಮಾಡಿ. ಮೂಲೆಯ ಇಳಿಜಾರು ಗಾರೆಯ ಮೇಲೆ, ಅರ್ಧ ತಾರಸಿಗೆ ಅರ್ಧ ಗೋಡೆಗೆ ಬರುವಂತೆ ಸುತ್ತಲೂ ಅಂಟಿಸಿ. ಇಂಥ ಪಟ್ಟಿಗೆ, ಪೈಪಿನ ತುಂಡಿಗೆ ಹರಳಿಲ್ಲದ ಸಾದಾ ಶೀಟ್ ಆದರೆ ಮೇಲಿನ ಪದರ ಚೆನ್ನಾಗಿ ಕಚ್ಚುತ್ತದೆ. ಪೈಪಿನ ಬಾಯಿಗೆ ಒಂದು ಮೀಟರ್ ಚೌಕದ ತುಂಡು. ಬಾಯಿಯ ಸುತ್ತ ತಾರಸಿಯನ್ನು ಅರ್ಧ ಇಂಚು ತಗ್ಗಿಸಿರಬೇಕು, ಇಲ್ಲದಿದ್ದರೆ ಪದರದ ಮೇಲೆ ಪದರ ಬಂದು ಅಲ್ಲೇ ದಿಬ್ಬವಾಗಿ ನೀರು ನಿಲ್ಲುತ್ತದೆ. ತುಂಡನ್ನು ಅಂಟಿಸಿ, ಬಾಯಿಯ ಮೇಲೆ ನಕ್ಷತ್ರದ ಹಾಗೆ ಕೊಯ್ದು, ಎಸಳುಗಳನ್ನು ಬಿಸಿ ಮಾಡಿ ಪೈಪಿನೊಳಗೆ ನಾಲ್ಕು ಇಂಚು ಇಳಿಸಿ ಒತ್ತಿ. ಪೈಪ್ ಪಿವಿಸಿ ಆದರೆ ಟಾರ್ಚನ್ನು ಅದರ ಮೇಲೆ ಬಿಡಬೇಡಿ, ಕರಗಿ ಮುದುಡುತ್ತದೆ. ಎಸಳನ್ನು ಬೇರೆ ಕಡೆ ಬಿಸಿ ಮಾಡಿಕೊಂಡು, ಕೈಗವಸು ಹಾಕಿ ಒತ್ತಬೇಕು.

ಟಾರ್ಚ್ ಹಿಡಿಯುವುದು

ಶುರು ಮಾಡುವುದು ತಾರಸಿಯ ತಗ್ಗಿನ ಕಡೆಯಿಂದ. ಸಾಲುಗಳು ನೀರು ಹರಿಯುವ ದಿಕ್ಕಿಗೆ ಅಡ್ಡ ಇರಬೇಕು. ಹಂಚು ಹೊದಿಸಿದ ಹಾಗೇ. ಮೇಲಿನ ಸಾಲು ಕೆಳಗಿನದರ ಮೇಲೆ ಕೂತರೆ ನೀರು ಜೋಡಣೆಯನ್ನು ದಾಟಿ ಹೋಗುತ್ತದೆ. ಉಲ್ಟಾ ಆದರೆ ನೀರು ಜೋಡಣೆಯ ಬಾಯಿಗೇ ಬಂದು ಹೊಡೆಯುತ್ತದೆ. ಹಂಚಿನ ಮನೆಯಲ್ಲಿ ಹುಟ್ಟಿದ ಯಾರಿಗೂ ಇದನ್ನು ಎರಡು ಸಲ ಹೇಳಬೇಕಿಲ್ಲ ಅಲ್ವಾ?

ದಾರ ಹೊಡೆದು ನೇರ ಗೆರೆ ಹಾಕಿಕೊಳ್ಳಿ. ರೋಲನ್ನು ಪೂರ್ತಿ ಬಿಚ್ಚಿ, ಗೆರೆಗೆ ಕೂರಿಸಿ, ಸ್ವಲ್ಪ ಹೊತ್ತು ಬಿಸಿಲಿಗೆ ಬಿಡಿ. ಸುತ್ತಿದ್ದ ಸೆಡವು ಬಿಡುತ್ತದೆ. ಆಮೇಲೆ ಒಂದು ತುದಿಯಿಂದ ನಡುವಿನವರೆಗೆ ಮತ್ತೆ ಸುತ್ತಿ. ಅರ್ಧ ಅಂಟಿಸಿ, ಆಮೇಲೆ ಇನ್ನೊಂದು ಅರ್ಧ. ಹೀಗೆ ಮಾಡಿದರೆ ಶೀಟ್ ಗೆರೆ ಬಿಟ್ಟು ಓಡುವುದಿಲ್ಲ.

ಶೀಟಿನ ಕೆಳಮೈಗೆ ತೆಳ್ಳನೆ ಪ್ಲಾಸ್ಟಿಕ್ ಪೊರೆ ಇರುತ್ತದೆ. ಅದನ್ನು ಕೀಳುವುದಲ್ಲ, ಬೆಂಕಿಯೇ ಸುಡುತ್ತದೆ. ಉರಿಯನ್ನು ಮುಖ್ಯವಾಗಿ ರೋಲಿನ ಮೈಗೆ ಹಿಡಿಯಿರಿ, ಸ್ವಲ್ಪ ತಾರಸಿಗೂ ತಾಗಲಿ. ಈ ತುದಿಯಿಂದ ಆ ತುದಿಗೆ ಆಡಿಸಿ, ಜೋಡಣೆಯ ಅಂಚಿಗೆ ಬಂದಾಗ ಅಂಚಿನುದ್ದಕ್ಕೂ ತಿರುಗಿಸಿ. ಪೊರೆ ಸುಟ್ಟು ಹೋಗಿ, ಡಾಂಬರು ಕನ್ನಡಿಯ ಹಾಗೆ ಹೊಳೆಯಲು ಶುರುವಾಗುತ್ತದೆ. ರೋಲಿನ ಮುಂದೆ ಕರಗಿದ ಡಾಂಬರಿನ ಸಣ್ಣ ಅಲೆ ಓಡಬೇಕು. ಆಗ ಇನ್ನೊಬ್ಬ ಕೊಕ್ಕೆಯಲ್ಲಿ ರೋಲನ್ನು ಉರುಳಿಸುತ್ತಾನೆ. ಅವನ ಹಿಂದೆ ಮತ್ತೊಬ್ಬ ಒದ್ದೆ ಬಟ್ಟೆ ಸುತ್ತಿದ ರೋಲರ್‌ನಲ್ಲಿ ನಡುವಿನಿಂದ ಅಂಚಿಗೆ ಗಾಳಿ ಓಡಿಸುತ್ತಾನೆ.

ಹೊಸ ಹುಡುಗರು ಎರಡು ತಪ್ಪು ಮಾಡುತ್ತಾರೆ. ಒಬ್ಬ ಅವಸರದವನು. ಪೊರೆ ಪೂರ್ತಿ ಸುಡುವ ಮೊದಲೇ ಉರುಳಿಸುತ್ತಾನೆ. ನೋಡಲು ಚೆಂದ, ಆರು ತಿಂಗಳಿಗೆ ಏಳುತ್ತದೆ. ಇನ್ನೊಬ್ಬ ಭಯದವನು. ಒಂದೇ ಕಡೆ ಹಿಡಿದು ಹಿಡಿದು ಒಳಗಿನ ಬಟ್ಟೆಯನ್ನೇ ಸುಡುತ್ತಾನೆ. ಹೊಗೆ ಹಳದಿ ದಟ್ಟವಾಗಿ ಬಂದರೆ, ಒಳಗಿನ ಬಟ್ಟೆ ಕಂಡರೆ ಅಲ್ಲಿಗೆ ತೇಪೆ ಬೇಕೇ ಬೇಕು.

ಜೋಡಣೆ ಸರಿಯಾಗಿದೆಯಾ ಎಂದು ಹೇಳುವುದು ಅಂಚಿನಿಂದ ಹೊರಗೆ ಇಣುಕುವ ಡಾಂಬರು. ಅರ್ಧದಿಂದ ಒಂದು ಸೆಂಟಿಮೀಟರ್ ಅಗಲಕ್ಕೆ ಒಂದೇ ಸಮ ಗೆರೆಯಾಗಿ ಬಂದಿರಬೇಕು. ಎಲ್ಲಿ ಗೆರೆ ಕಡಿದಿದೆಯೋ ಅಲ್ಲಿ ಶೀಟ್ ಅಂಟಿಲ್ಲ. ಕರಣೆ ಬಿಸಿ ಮಾಡಿ, ಅಂಚನ್ನು ಮೆಲ್ಲಗೆ ಎತ್ತಿ, ಕಾಯಿಸಿ, ಒತ್ತಿ. ತಣ್ಣಗಾದ ಮೇಲೆ ಕರಣೆಯ ತುದಿಯನ್ನು ಎಲ್ಲ ಜೋಡಣೆಯುದ್ದಕ್ಕೂ ಓಡಿಸಿ ನೋಡುತ್ತೇನೆ. ಎಲ್ಲಿಯಾದರೂ ತೂರಿದರೆ ಮತ್ತೆ ಅದೇ ಕೆಲಸ.

ಹರಳಿನ ಶೀಟಿನಲ್ಲಿ ಒಂದು ಪಕ್ಕದ ಅಂಚಿಗೆ ಹರಳು ಇರುವುದಿಲ್ಲ, ಜೋಡಣೆಗೆಂದೇ ಬಿಟ್ಟಿರುತ್ತಾರೆ. ತುದಿಯಲ್ಲಿ ಆ ಸೌಲಭ್ಯ ಇಲ್ಲ. ಅಲ್ಲಿ ಕೆಳಗಿನ ಶೀಟಿನ 15 ಸೆಂಟಿಮೀಟರ್ ಹರಳನ್ನು ಕಾಯಿಸಿ ಕರಣೆಯಿಂದ ಒತ್ತಿ ಡಾಂಬರಿನೊಳಗೆ ಮುಳುಗಿಸಬೇಕು. ಹರಳಿನ ಮೇಲೆ ಹಾಗೇ ಅಂಟಿಸಿದರೆ ಮರಳಿನ ಮೇಲೆ ಟೇಪ್ ಹಚ್ಚಿದ ಹಾಗೆ. ಅಕ್ಕಪಕ್ಕದ ಸಾಲುಗಳ ತುದಿಗಳು ಒಂದೇ ನೇರಕ್ಕೆ ಬರಬಾರದು, ಇಟ್ಟಿಗೆ ಗೋಡೆಯ ಹಾಗೆ ಬಿಟ್ಟು ಬಿಟ್ಟು ಬರಲಿ. ಮೂರು ಪದರ ಸೇರುವ ಕಡೆ ನಡುವಿನ ಶೀಟಿನ ಮೂಲೆಯನ್ನು ಓರೆಯಾಗಿ ಕತ್ತರಿಸಿ. ಇಲ್ಲದಿದ್ದರೆ ಅಲ್ಲಿ ಇಲಿ ಬಿಲದಷ್ಟು ಸಂದು ಉಳಿಯುತ್ತದೆ, ಮಳೆಗೆ ಅಷ್ಟು ಸಾಕು.

ಬಯಲು ಮುಗಿದ ಮೇಲೆ ಗೋಡೆ. ರೋಲಿನಿಂದ ಒಂದು ಮೀಟರ್ ಅಗಲದ ತುಂಡುಗಳನ್ನು ಕತ್ತರಿಸಿ, ತಾರಸಿಯ ಶೀಟ್ ಮೇಲೆ 15 ಸೆಂಟಿಮೀಟರ್ ಕೂರಿಸಿ, ಇಳಿಜಾರು ಗಾರೆ ಹತ್ತಿಸಿ, ಮೇಲಿನ ಸೀಳಿನವರೆಗೆ ಏರಿಸಿ. ಉದ್ದ ಪಟ್ಟಿಯನ್ನು ಗೋಡೆಗೆ ಅಂಟಿಸಲು ಹೋಗಬೇಡಿ, ತೂಕಕ್ಕೆ ಜಾರುತ್ತದೆ. ತುದಿಯನ್ನು ಸೀಳಿನೊಳಗೆ ಒತ್ತಿ, ಸಂದು ಮುಚ್ಚುವ ರಬ್ಬರಿನಂಥ ಪಿಯು ಸೀಲಂಟ್ ತುಂಬಿ, ಮೇಲೆ ಗಾರೆ ಮುಚ್ಚಿ.

ಬೆಂಕಿಯ ಮಾತು

ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಸಿಲಿಂಡರ್ ನೆಟ್ಟಗೆ ನಿಂತಿರಲಿ, ಉರಿಯಿಂದ ದೂರ ಇರಲಿ. ನಳಿಕೆಯ ಜೋಡಣೆಗೆ ಸೋಪಿನ ನೀರು ಹಾಕಿ ನೋಡಿ. ಹತ್ತಿಬಟ್ಟೆ, ಶೂ, ಚರ್ಮದ ಕೈಗವಸು ಬೇಕು. ಚಪ್ಪಲಿ, ನೈಲಾನ್ ಶರ್ಟ್ ಹಾಕಿ ಬಂದ ಹುಡುಗನನ್ನು ನಾನು ಮನೆಗೆ ಕಳಿಸುತ್ತೇನೆ. ಬೆಂಕಿ ಆರಿಸುವ ಸಿಲಿಂಡರ್, ಎರಡು ಕೊಡ ನೀರು, ಒದ್ದೆ ಗೋಣಿಚೀಲ ತಾರಸಿಯ ಮೇಲೇ ಇರಲಿ. ಕೆಲಸ ಮುಗಿದ ಮೇಲೆ ಒಂದು ಗಂಟೆಯಾದರೂ ಒಬ್ಬ ಅಲ್ಲೇ ಕೂತಿರಬೇಕು.

ಅಕ್ಕನ ಮನೆಯ ಹಿಂದೆ ಹಳೆಯ ಅಡುಗೆಮನೆ ಇದೆ. ಹಂಚು, ಮರದ ಪಕಾಸಿ, ನೂರು ವರ್ಷದ ಒಣ ಮರ. ತಾರಸಿಯ ಅಂಚು ಅದಕ್ಕೆ ತಾಗುತ್ತದೆ. ಅಲ್ಲಿ ಟಾರ್ಚ್ ಹಚ್ಚಲೇ ಇಲ್ಲ. ಹಿಂಬದಿಯ ಹಾಳೆ ಸುಲಿದು ಅಂಟಿಸುವ ಶೀಟ್ ಬರುತ್ತದೆ, ಬೆಂಕಿ ಬೇಡ. ಅದನ್ನು ಹಾಕಿದೆ. ಅದರ ಮೇಲಿನ ಪ್ಲಾಸ್ಟಿಕ್ ಮೈ ಬಿಸಿಲು ತಡೆಯುವುದಿಲ್ಲ. ಹಾಗಾಗಿ ಅಲ್ಯೂಮಿನಿಯಂ ತಗಡಿನ ಪಟ್ಟಿ ಮಡಚಿ ಮುಚ್ಚಿದೆ.

ನೀರು ಕಟ್ಟಿ ನೋಡುವುದು

ಪೈಪಿನ ಬಾಯಿ ಮುಚ್ಚಿ, ತಾರಸಿಯ ಮೇಲೆ ಎರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಬಿಡಿ. ಅಕ್ಕ ದೇವರ ಕೋಣೆಯಲ್ಲಿ ಗಂಟೆಗೊಮ್ಮೆ ತಲೆಯೆತ್ತಿ ನೋಡುತ್ತಿದ್ದಳು. ಅಲ್ಲಿ ಏನೂ ಆಗಲಿಲ್ಲ. ಆದರೆ ಎರಡನೇ ದಿನ ಮೆಟ್ಟಿಲಿನ ಬಾಗಿಲ ಹತ್ತಿರ ಗೋಡೆ ಒದ್ದೆ! ನೋಡಿದರೆ ಹೊಸ್ತಿಲು ತಾರಸಿಗಿಂತ ಬರೀ ಮೂರು ಇಂಚು ಎತ್ತರ. ಅಲ್ಲಿ ಶೀಟ್ ಏರಿಸಲು ಜಾಗವೇ ಸಾಕಾಗಿರಲಿಲ್ಲ. ತಪ್ಪು ನನ್ನದೇ, ಗಾರೆ ಹಾಕಿಸುವಾಗಲೇ ನೋಡಬೇಕಿತ್ತು. ಹೊಸ್ತಿಲನ್ನು ಇನ್ನೂ ಮೂರು ಇಂಚು ಎತ್ತರಿಸಿ ಕಟ್ಟಿಸಿ, ಶೀಟನ್ನು ಅದರ ಮೇಲೆ ಹತ್ತಿಸಿ, ಕಲ್ಲಿನ ಚಪ್ಪಡಿ ಕೂರಿಸಿದೆ. ಮತ್ತೆ 48 ಗಂಟೆ ನೀರು. ಒಣಗಿತ್ತು.

ಮುಂದೆ ಎಲ್ಲಾದರೂ ಗುಳ್ಳೆ ಬಂದರೆ ಗಾಬರಿ ಬೇಡ. ಅಂಗೈಗಿಂತ ಚಿಕ್ಕದಾದರೆ ಸುಮ್ನೆ ಬಿಡಿ. ದೊಡ್ಡದಾದರೆ ಅಡ್ಡಕ್ಕೆ ಉದ್ದಕ್ಕೆ ಕೊಯ್ದು, ನಾಲ್ಕು ಎಸಳು ಬಿಡಿಸಿ ಒಣಗಿಸಿ, ಕಾಯಿಸಿ ಮತ್ತೆ ಅಂಟಿಸಿ. ಮೇಲೆ ಎಲ್ಲ ಕಡೆ 15 ಸೆಂಟಿಮೀಟರ್ ಜಾಸ್ತಿ ಬರುವ ತೇಪೆ ಹಾಕಿ. ವರ್ಷಕ್ಕೆ ಎರಡು ಸಲ, ರೋಹಿಣಿ ಮಳೆಗೆ ಮೊದಲು ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ, ಪೈಪಿನ ಬಾಯಿಯ ಎಲೆ ಕಸ ತೆಗೆಯಿರಿ. ತಾರಸಿಯ ಮೇಲೆ ತೆಂಗಿನಕಾಯಿ ಸುಲಿಯಬೇಡಿ. ಟಿವಿ ಡಿಶ್ ಹಾಕಲು ಬರುವ ಹುಡುಗನ ಕೈಯಲ್ಲಿ ಡ್ರಿಲ್ ಕಂಡರೆ ಮೊದಲು ಮೆಟ್ಟಿಲಿಗೆ ಅಡ್ಡ ನಿಲ್ಲಿ.

ಸೋಲಾರ್ ಹೀಟರ್ ಸ್ಟ್ಯಾಂಡಿನ ಕಾಲುಗಳ ಕೆಳಗೆ ಅದೇ ಶೀಟಿನ ಉಳಿದ ತುಂಡಿಟ್ಟು, ಮೇಲೆ ಅಗಲದ ಕಾಂಕ್ರೀಟ್ ಬ್ಲಾಕ್ ಕೂರಿಸಿ, ಅದಕ್ಕೇ ಬೋಲ್ಟ್ ಹಾಕಿಸಿದ್ದೇನೆ. ಭಾವನಿಗೆ ಈಗ ಬಟ್ಟೆ ಒಣಹಾಕುವ ತಂತಿಗೆ ಎರಡು ಕಂಬ ಬೇಕಂತೆ. "ಕಂಬ ನೆಡಬೇಡಿ ಭಾವ, ಪ್ಯಾರಾಪೆಟ್‌ಗೆ ಕ್ಲ್ಯಾಂಪ್ ಹಾಕಿಸಿ, ಶೀಟ್ ಮುಗಿದ ಗೆರೆಯಿಂದ ಮೇಲೆ" ಎಂದಿದ್ದೇನೆ. ಹೂಂ ಎಂದಿದ್ದಾರೆ. ಮುಂದಿನ ವಾರ ತೀರ್ಥಹಳ್ಳಿ ಕಡೆ ಬೇರೆ ಕೆಲಸ ಇದೆ, ಹೋಗಿ ನೋಡಿ ಬರುತ್ತೇನೆ.